ಪೊವಾಯಿಯ ಅಕ್ಷರಶಾಲೆ: ಮುಂಬಯಿ ಐಐಟಿಯಲ್ಲಿ ಗ್ರಾಫಿಕ್ ಡಿಸೈನ್ ಬೋಧನೆ ಮತ್ತು ಸಂಶೋಧನೆ

ಮುಂಬಯಿಯ ಪೊವಾಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯೊಳಗೆ 1969ರಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಎಂಬ ಹೆಸರಿನಲ್ಲಿ ಆರಂಭವಾಗಿ, ಐಡಿಸಿ ಎಂಬ ಮೂರಕ್ಷರದಿಂದಲೇ ವಿನ್ಯಾಸಕಾರರ ನಡುವೆ ಪರಿಚಿತವಾದ ವಿಭಾಗದ ಚರಿತ್ರೆಯನ್ನು ಹೇಳುವಾಗ, ಅಲ್ಲಿ ರೂಪುಗೊಂಡ ಯಂತ್ರೋಪಕರಣಗಳಿಗೆ ಸಲ್ಲುವಷ್ಟು ಗಮನ ಅಲ್ಲಿ ನಡೆದ ಅಕ್ಷರದ ಕೆಲಸಕ್ಕೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಗ್ರಾಫಿಕ್ ಡಿಸೈನ್ ಎಂದರೆ ಅಕ್ಷರ, ಚಿತ್ರ, ಬಣ್ಣ ಮತ್ತು ಖಾಲಿ ಜಾಗಗಳನ್ನು ಒಂದು ಉದ್ದೇಶಕ್ಕೆ ಒಗ್ಗುವಂತೆ ಹೊಂದಿಸಿ ನೋಡುವವರಿಗೆ ವಿಷಯವನ್ನು ಮುಟ್ಟಿಸುವ ವಿದ್ಯೆ. ಪೋಸ್ಟರು, ಪುಸ್ತಕದ ಪುಟ, ರೈಲ್ವೆ ನಿಲ್ದಾಣದ ಫಲಕ, ಔಷಧದ ಪೊಟ್ಟಣ, ಮೊಬೈಲಿನ ಪರದೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಈ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿಸಬಹುದು ಎಂಬುದನ್ನು ಬಹುಮಟ್ಟಿಗೆ ಎಲ್ಲರೂ ಬೇಗ ಒಪ್ಪಿದರು. ಇದರಲ್ಲಿ ಸಂಶೋಧನೆ ಮಾಡಬಹುದು, ಅದಕ್ಕೆ ಡಾಕ್ಟರೇಟ್ ಪದವಿಯನ್ನೂ ಕೊಡಬಹುದು ಎಂಬುದನ್ನು ಒಪ್ಪುವುದಕ್ಕೆ ಹೆಚ್ಚು ಕಾಲ ಹಿಡಿಯಿತು. ಪೊವಾಯಿಯ ಮಟ್ಟಿಗೆ ಆ ಒಪ್ಪಿಗೆ ದೊರೆತದ್ದು ಮುಖ್ಯವಾಗಿ ಭಾರತೀಯ ಲಿಪಿಗಳ ಅಧ್ಯಯನದ ಮೂಲಕ ಎಂಬುದು ಈ ಲೇಖನದ ನಿಲುವು.

ಐಡಿಸಿಗಿಂತ ಮುಂಚೆ ಈ ವಿದ್ಯೆಗೆ ಭಾರತದಲ್ಲಿ ಎರಡು ಪ್ರಮುಖ ನೆಲೆಗಳಿದ್ದವು. ಮೊದಲನೆಯದು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆ. 1857ರಲ್ಲಿ ಸ್ಥಾಪನೆಯಾದ ಆ ಶಾಲೆಯಲ್ಲಿ 1930ರ ದಶಕದಲ್ಲಿ ಕಮರ್ಷಿಯಲ್ ಆರ್ಟ್, ಅಂದರೆ ವ್ಯಾಪಾರಕ್ಕೆ ಬೇಕಾದ ಜಾಹೀರಾತು, ಲೇಬಲ್ಲು, ಭಿತ್ತಿಚಿತ್ರಗಳ ಕಲೆ, ಪ್ರತ್ಯೇಕ ವಿಭಾಗವಾಗಿ ಬಂದು, 1961ರಲ್ಲಿ ಅದೇ ವಿಭಾಗ ಬೇರ್ಪಟ್ಟು ಸರ್ ಜೆ.ಜೆ. ಅನ್ವಯಿಕ ಕಲಾ ಸಂಸ್ಥೆಯಾಯಿತು. ಅಲ್ಲಿಂದ ಹೊರಬಂದವರ ಕೈ ಪಳಗಿದ ಕೈ. ಬ್ರಷ್ಷಿನಲ್ಲಿ ದೇವನಾಗರಿಯನ್ನೂ ರೋಮನ್ನನ್ನೂ ಸಮಾನ ಸಲೀಸಿನಿಂದ ಬರೆಯಬಲ್ಲವರು, ಜಾಹೀರಾತು ಸಂಸ್ಥೆಗಳಿಗೆ ನೇರವಾಗಿ ಸೇರಿಕೊಳ್ಳುತ್ತಿದ್ದವರು. ಎರಡನೆಯದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ. ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶ ಸುತ್ತಿ ನೋಡಿದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಒಪ್ಪಿಸಿದ ವರದಿಯ ಬೆನ್ನಿಗೆ, ಸಾರಾಭಾಯಿ ಕುಟುಂಬದ ಗೌತಮ್ ಮತ್ತು ಗೀರಾ ಅವರ ಆಸಕ್ತಿ ಹಾಗೂ ಫೋರ್ಡ್ ಪ್ರತಿಷ್ಠಾನದ ನೆರವಿನೊಡನೆ ಅದು 1961ರಲ್ಲಿ ತಲೆಯೆತ್ತಿತು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಅಕ್ಷರವಿನ್ಯಾಸಕ ಅಡ್ರಿಯಾನ್ ಫ್ರುಟಿಗರ್ ಮತ್ತು ಬಾಸೆಲ್ ನಗರದ ಕಲಾಶಿಕ್ಷಕ ಆರ್ಮಿನ್ ಹಾಫ್‌ಮನ್ ಅಲ್ಲಿಗೆ ಬಂದು ಹೋದರು. ಅಲ್ಲಿಯ ಮಹೇಂದ್ರ ಪಟೇಲ್ ಬಾಸೆಲ್ಲಿಗೆ ಹೋಗಿ ಕಲಿತು ಬಂದು, ತಲೆಮಾರುಗಳ ವಿದ್ಯಾರ್ಥಿಗಳಿಗೆ ಅಕ್ಷರವಿನ್ಯಾಸ ಹೇಳಿಕೊಟ್ಟರು. ಒಂದು ಕಡೆ ಪೇಟೆಯ ಬೇಡಿಕೆಗೆ ತಕ್ಕ ಕೈಚಳಕ, ಇನ್ನೊಂದು ಕಡೆ ಐರೋಪ್ಯ ಆಧುನಿಕತೆಯ ಶಿಸ್ತು. ಐಡಿಸಿ ಇವೆರಡರಿಂದಲೂ ಜನರನ್ನು ಪಡೆದುಕೊಂಡಿತಾದರೂ ನೆಲೆಯೂರಿದ್ದು ಎಂಜಿನಿಯರುಗಳ ಮಧ್ಯೆ, ಮತ್ತು ಆ ನೆರೆಹೊರೆಯೇ ಮುಂದೆ ಅದರ ಸ್ವಭಾವವನ್ನು ನಿರ್ಧರಿಸಿತು.

ಸಂಸ್ಥೆಯನ್ನು ಕಟ್ಟಿದವರಲ್ಲಿ ಮೊದಲು ನೆನೆಯಬೇಕಾದವರು ಸುಧಾಕರ ನಾಡಕರ್ಣಿ. ಜೆ.ಜೆ.ಯಲ್ಲಿ ಕಲೆಯನ್ನೂ, ಬಳಿಕ ಜರ್ಮನಿಯ ಉಲ್ಮ್ ನಗರದ ವಿನ್ಯಾಸಶಾಲೆಯಲ್ಲಿ ಕೈಗಾರಿಕಾ ವಿನ್ಯಾಸವನ್ನೂ ಕಲಿತು ಬಂದ ಅವರು ಪೊವಾಯಿಗೆ ತಂದದ್ದು ಉಲ್ಮ್‌ನ ಪಾಠಕ್ರಮಕ್ಕಿಂತ ಹೆಚ್ಚಾಗಿ ಅಲ್ಲಿಯ ಮನೋಧರ್ಮವನ್ನು. 1953ರಲ್ಲಿ ಆರಂಭವಾಗಿ 1968ರಲ್ಲಿ, ಎಂದರೆ ಐಡಿಸಿ ಹುಟ್ಟುವ ಹಿಂದಿನ ವರ್ಷ, ಬಾಗಿಲು ಹಾಕಿದ ಆ ಶಾಲೆ, ವಿನ್ಯಾಸವನ್ನು ಕಲಾವಿದನ ಸ್ಫೂರ್ತಿಗೆ ಬಿಟ್ಟುಕೊಡದೆ, ಗಣಿತ, ಮನಶ್ಶಾಸ್ತ್ರ, ಸಂಕೇತಶಾಸ್ತ್ರಗಳ ಜೊತೆಗೆ ಕಲಿಸಲು ಹೊರಟಿತ್ತು. ಸಂಕೇತಶಾಸ್ತ್ರವೆಂದರೆ ಒಂದು ಗುರುತು, ಚಿತ್ರ ಅಥವಾ ಪದ ತನ್ನ ಅರ್ಥವನ್ನು ಹೇಗೆ ಹೊತ್ತು ತರುತ್ತದೆ ಎಂಬುದರ ವಿಚಾರ. ಶೌಚಾಲಯದ ಬಾಗಿಲ ಮೇಲಿನ ಹೆಂಗಸಿನ ಆಕೃತಿಗೆ ಸೀರೆ ಉಡಿಸಬೇಕೋ ಲಂಗ ತೊಡಿಸಬೇಕೋ ಎಂಬ ಪ್ರಶ್ನೆ ಕೂಡ ಅದಕ್ಕೇ ಸೇರಿದ್ದು. ಉಲ್ಮ್ ಶಾಲೆಯ ಪತ್ರಿಕೆಯಲ್ಲಿ ಬಂದ ಲೇಖನಗಳನ್ನು ಆಯ್ದು, ಕೀರ್ತಿ ತ್ರಿವೇದಿ ಅವರ ಸಂಪಾದಕತ್ವದಲ್ಲಿ ಐಡಿಸಿ 1989ರಲ್ಲಿ ಪುಸ್ತಕವಾಗಿ ಹೊರತಂದದ್ದು ಈ ನಂಟು ಎರಡು ದಶಕಗಳ ಬಳಿಕವೂ ಸಡಿಲಗೊಂಡಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಮೊದಲ ಹದಿನೈದು ವರ್ಷ ಅಲ್ಲಿ ನಡೆದದ್ದು ಮುಖ್ಯವಾಗಿ ವಸ್ತುಗಳ ವಿನ್ಯಾಸ. ದೃಶ್ಯ ಸಂವಹನ ಎಂಬ ಹೆಸರಿನಲ್ಲಿ ಗ್ರಾಫಿಕ್ ಡಿಸೈನಿಗೆ ಪ್ರತ್ಯೇಕ ಸ್ನಾತಕೋತ್ತರ ಪದವಿ ಬಂದದ್ದು 1984ರಲ್ಲಿ. ಈ ತರಗತಿಗಳಿಗೆ ಕಲಾಶಾಲೆಗಳ ಪದವೀಧರರ ಜೊತೆಗೆ ವಾಸ್ತುಶಿಲ್ಪ, ಎಂಜಿನಿಯರಿಂಗ್ ಓದಿದವರೂ ಬರುತ್ತಿದ್ದುದರಿಂದ, ರೇಖೆ ಎಳೆಯಲು ಬಲ್ಲವನು ಮತ್ತು ಲೆಕ್ಕ ಹಾಕಲು ಬಲ್ಲವನು ಒಂದೇ ಮೇಜಿನ ಎದುರುಬದುರು ಕುಳಿತುಕೊಳ್ಳುವಂತಾಯಿತು. ಬೋಧನೆಯ ಮುಖ್ಯ ರೀತಿ ಸ್ಟುಡಿಯೊ: ಅಧ್ಯಾಪಕ ಮುಂದೆ ನಿಂತು ಪಾಠ ಹೇಳುವ ಬದಲು, ವಿದ್ಯಾರ್ಥಿಗೆ ಒಂದು ಸಮಸ್ಯೆಯನ್ನು ಒಪ್ಪಿಸಿ, ಅವನು ಮಾಡಿ ತಂದದ್ದನ್ನು ಗೋಡೆಗೆ ತೂಗುಹಾಕಿಸಿ, ಸಹಪಾಠಿಗಳೆಲ್ಲರ ಎದುರು ಅದನ್ನು ವಿಮರ್ಶಿಸುವ ಕ್ರಮ. ಈ ಕ್ರಮದಲ್ಲಿ ಕಲಿತದ್ದು ಕೈಗೆ ಹತ್ತುತ್ತದೆ. ಆದರೆ ಬರಹದಲ್ಲಿ ಉಳಿಯುವುದು ಕಡಿಮೆ, ಒಬ್ಬ ವಿದ್ಯಾರ್ಥಿ ಕಂಡುಕೊಂಡದ್ದು ಮುಂದಿನ ವರ್ಷದವನಿಗೆ ತಲುಪಬೇಕಾದರೆ ಅಧ್ಯಾಪಕನ ನೆನಪೇ ದಾರಿ. ವಿಜ್ಞಾನ ವಿಭಾಗಗಳ ನೆರೆಯಲ್ಲಿದ್ದ ಐಡಿಸಿಗೆ ಈ ಕೊರತೆ ಕಲಾಶಾಲೆಗಳಿಗಿಂತ ಬೇಗ ಕಣ್ಣಿಗೆ ಬಿದ್ದಿರಬೇಕು.

ಬೋಧನೆಗೂ ಹೊರಗಿನ ಕೆಲಸಕ್ಕೂ ನಡುವೆ ಗೋಡೆ ಇಲ್ಲದಿದ್ದ ಕಾಲದ ಒಂದು ಉದಾಹರಣೆ ಇಂದಿಗೂ ಪ್ರತಿ ಚುನಾವಣೆಯಲ್ಲಿ ಕೋಟ್ಯಂತರ ಜನರ ಬೆರಳಿಗೆ ತಾಗುತ್ತದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸುವ ವಿದ್ಯುನ್ಮಾನ ಮತಯಂತ್ರಕ್ಕೆ ಹೊರರೂಪ ಕೊಟ್ಟವರು ಐಡಿಸಿಯ ಅಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಮತ ಹಾಕುವ ಘಟಕದಲ್ಲಿ ಹದಿನಾರು ಸಾಲುಗಳು. ಪ್ರತಿ ಸಾಲಿನಲ್ಲಿ ಎಡದಿಂದ ಬಲಕ್ಕೆ ಅಭ್ಯರ್ಥಿಯ ಹೆಸರು, ಚಿಹ್ನೆ, ಒಂದು ಪುಟ್ಟ ಕೆಂಪು ದೀಪ, ಕೊನೆಗೆ ನೀಲಿ ಗುಂಡಿ. ಹೆಸರು ಮತ್ತು ಚಿಹ್ನೆ ಅಚ್ಚಾದ ಕಾಗದ, ಕರ್ನಾಟಕದಲ್ಲಾದರೆ ಕನ್ನಡದ ಕಾಗದ, ಪಾರದರ್ಶಕ ಹೊದಿಕೆಯ ಕೆಳಗಿರುವುದರಿಂದ ಅದೇ ಯಂತ್ರ ಯಾವ ಕ್ಷೇತ್ರಕ್ಕೂ ಯಾವ ಭಾಷೆಗೂ ಒದಗುತ್ತದೆ. ಓದು ಬರಹ ಬಾರದ ಮತದಾರ ಚಿಹ್ನೆಯನ್ನು ಗುರುತಿಸಿ ಅದರ ನೇರಕ್ಕೆ ಬೆರಳು ಸರಿಸಿದರೆ ಸಾಕು, ಗುಂಡಿ ಅಲ್ಲೇ ಇದೆ. ಒತ್ತಿದ ಕೂಡಲೇ ಅದೇ ಸಾಲಿನ ದೀಪ ಹೊತ್ತಿ, ಬೀಪ್ ಶಬ್ದ ಬಂದು, ಮತ ದಾಖಲಾದದ್ದು ಖಚಿತವಾಗುತ್ತದೆ. ಎಷ್ಟೋ ವರ್ಷ ಕಾಗದದ ಮತಪತ್ರದಲ್ಲಿ ರೂಢಿಯಾಗಿದ್ದ ಹೆಸರು, ಚಿಹ್ನೆಗಳ ಸಾಲುಜೋಡಣೆಯನ್ನು ಕದಲಿಸದೆ, ಮುದ್ರೆ ಒತ್ತುತ್ತಿದ್ದ ಜಾಗಕ್ಕೆ ಗುಂಡಿಯನ್ನು ತಂದಿಟ್ಟದ್ದು ಈ ವಿನ್ಯಾಸದ ಜಾಣತನ. ಯಂತ್ರದ ಬಗ್ಗೆ ನಡೆಯುವ ರಾಜಕೀಯ ವಾಗ್ವಾದಗಳಲ್ಲಿ ಈ ಜೋಡಣೆಯ ಮಾತು ಬರುವುದೇ ಇಲ್ಲ, ಅದು ಅಷ್ಟು ಸಹಜವಾಗಿ ಕಂಡುಬಿಟ್ಟಿದೆ.

ಅಕ್ಷರದ ಕೆಲಸ ಐಡಿಸಿಯಲ್ಲಿ ಬೇರುಬಿಟ್ಟದ್ದು ರಘುನಾಥ ಕೃಷ್ಣ ಜೋಶಿ ಅವರಿಂದ. ಆರ್.ಕೆ. ಜೋಶಿ ಎಂದೇ ಹೆಸರಾದ ಅವರು 1936ರಲ್ಲಿ ಹುಟ್ಟಿ, ಜೆ.ಜೆ.ಯಲ್ಲಿ ಕಲಿತು, ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿ ಬಹುಕಾಲ ಕಲಾ ನಿರ್ದೇಶಕರಾಗಿ ದುಡಿದವರು; ಮರಾಠಿ ಕವಿಯೂ ಹೌದು. 1983ರಿಂದ 1996ರವರೆಗೆ ಅವರು ಐಡಿಸಿಯ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಜಾಹೀರಾತಿನ ಲೋಕದಿಂದ ಬಂದವರು ಸಾಮಾನ್ಯವಾಗಿ ಸಿದ್ಧ ಅಕ್ಷರಗಳನ್ನು ಆಯ್ದು ಬಳಸುವುದನ್ನು ಕಲಿಸುತ್ತಾರೆ. ಜೋಶಿ ಬರವಣಿಗೆಯಿಂದಲೇ ಆರಂಭಿಸಿದರು. ಕಡ್ಡಿ, ಬ್ರಷ್ಷು, ಬಟ್ಟೆ, ಮರದ ಚೂರು, ಕೈಗೆ ಸಿಕ್ಕಿದ ಯಾವುದರಿಂದಲಾದರೂ ಬರೆದು, ಲೇಖನಿಯ ತುದಿ ಯಾವ ಕೋನದಲ್ಲಿ ತಿರುಗಿದರೆ ಗೆರೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಸಣ್ಣಗಾಗುತ್ತದೆ ಎಂಬುದನ್ನು ಕೈಯಿಂದಲೇ ಅರಿತುಕೊಳ್ಳಬೇಕೆಂಬುದು ಅವರ ಹಟ. ಭಾರತೀಯ ಲಿಪಿಗಳ ಮೂಲಘಟಕ ಉಚ್ಚಾರಣೆಗೆ ಅಂಟಿಕೊಂಡ ಅಕ್ಷರ, ರೋಮನ್ ಲಿಪಿಯಂತೆ ಬಿಡಿ ವರ್ಣವಲ್ಲ ಎಂಬ ತಿಳಿವಳಿಕೆಯ ಮೇಲೆ ಅವರ ಬೋಧನೆ ನಿಂತಿತ್ತು. ಎಲ್ಲ ಭಾರತೀಯ ಭಾಷೆಗಳಿಗೂ ಒದಗುವ ‘ದೇಶನಾಗರಿ’ ಎಂಬ ಸಾಮಾನ್ಯ ಲಿಪಿಯೊಂದನ್ನು ಅವರು 1960ರ ದಶಕದಲ್ಲೇ ಕಲ್ಪಿಸಿದ್ದರು. ಅದು ಬಳಕೆಗೆ ಬರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ. ಓದುವವರು ತಮ್ಮ ಲಿಪಿಯನ್ನು ಅನುಕೂಲದ ಲೆಕ್ಕಕ್ಕೆ ಬಿಟ್ಟುಕೊಡುವುದಿಲ್ಲ. ಆದರೂ ಹಲವು ಲಿಪಿಗಳನ್ನು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ಆ ಯತ್ನದಿಂದ ಬಂತು, ಮತ್ತು ಮುಂದೆ ಒದಗಿದ್ದು ಆ ಅಭ್ಯಾಸವೇ.

ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದ, ಅಂದರೆ ಎನ್‌ಸಿಎಸ್‌ಟಿಯ, ಗಣಕತಜ್ಞರೊಡನೆ ಸೇರಿ ಜೋಶಿ ರೂಪಿಸಿದ ‘ವಿನ್ಯಾಸ್’ ಎಂಬ ತಂತ್ರಾಂಶ, ಲೇಖನಿಯ ಚಲನೆಯನ್ನೇ ಕಂಪ್ಯೂಟರಿನಲ್ಲಿ ಮಾದರಿಗೊಳಿಸಿ ಅಕ್ಷರ ಕಟ್ಟುವ ಪ್ರಯತ್ನವಾಗಿತ್ತು. ಮೈಕ್ರೋಸಾಫ್ಟ್‌ನ ವಿಂಡೋಸ್ ವ್ಯವಸ್ಥೆಗೆ ಭಾರತೀಯ ಲಿಪಿಗಳ ಫಾಂಟುಗಳು ಬೇಕಾದಾಗ, ದೇವನಾಗರಿಯ ‘ಮಂಗಲ್’ ಮತ್ತು ಕನ್ನಡದ ‘ತುಂಗಾ’ ಸೇರಿದಂತೆ ಹಲವು ಫಾಂಟುಗಳು ಸಿದ್ಧವಾದದ್ದು ಅವರ ನಿರ್ದೇಶನದಲ್ಲಿ. ವಿಂಡೋಸ್ ಎಕ್ಸ್‌ಪಿ ಬಳಸಿ ಯುನಿಕೋಡಿನಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತುಮಾಡುವ ಸಂಕೇತಕ್ರಮದಲ್ಲಿ, ಕನ್ನಡವನ್ನು ಮೊದಲ ಸಲ ಪರದೆಯ ಮೇಲೆ ಕಂಡ ಬಹುತೇಕ ಕನ್ನಡಿಗರು ಕಂಡದ್ದು ‘ತುಂಗಾ’ವನ್ನೇ, ಅದರ ಹಿಂದೆ ಮರಾಠಿ ಕವಿಯೊಬ್ಬರ ಕೈ ಇತ್ತೆಂಬುದು ಆಗ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ.

ಕನ್ನಡದ ಅಕ್ಷರ ಅಂಥ ಕೆಲಸಕ್ಕೆ ಎಷ್ಟು ತೊಡಕಿನದೆಂಬುದನ್ನು ಹತ್ತಿರದಿಂದ ನೋಡಬೇಕು. ಅಚ್ಚುಮೊಳೆಯ ಕಾಲದಲ್ಲಿ, ಅಂದರೆ ಸೀಸದ ಬಿಡಿ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಾಗ, ಕನ್ನಡದ ಕಂಪೋಸಿಟರ್ ಎದುರಿಗೆ ನೂರಾರು ಮನೆಗಳ ಕೇಸು ಇರುತ್ತಿತ್ತು, ಏಕೆಂದರೆ ಗುಣಿತದಿಂದ ಗುಣಿತಕ್ಕೆ ಮೂಲ ಅಕ್ಷರದ ರೂಪವೇ ಬದಲಾಗುತ್ತದೆ. ‘ಕ’ದ ತಲೆಕಟ್ಟು ‘ಕಿ’ ಆದಾಗ ಮಾಯವಾಗಿ ಗುಡಿಸು ಬರುತ್ತದೆ, ‘ಕು’ ಆದಾಗ ತಲೆಕಟ್ಟು ಉಳಿದು ಬಲಕ್ಕೆ ಕೊಂಬು ಸೇರುತ್ತದೆ. ಒತ್ತಕ್ಷರ ಸಾಲಿನ ಕೆಳಕ್ಕಿಳಿಯುತ್ತದೆ. ‘ಸ್ತ್ರೀ’ಯಲ್ಲಿ ಎರಡು ಒತ್ತುಗಳು ಕೆಳಗೂ ದೀರ್ಘ ಬಲಕ್ಕೂ ಬಂದು ಒಂದೇ ಅಕ್ಷರ ಮೂರು ದಿಕ್ಕಿಗೆ ಚಾಚಿಕೊಳ್ಳುತ್ತದೆ, ಹಾಗಾಗಿ ಸಾಲುಗಳ ನಡುವಣ ಅಂತರವನ್ನು ರೋಮನ್ ಲಿಪಿಯ ಅಳತೆಯಲ್ಲಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಅರ್ಕಾವೊತ್ತಿನ ಪೇಚು ಬೇರೆಯೇ ಬಗೆಯದು: ‘ಸೂರ್ಯ’ ಎನ್ನುವಾಗ ‘ರ್’ ಮೊದಲು ಕೇಳುತ್ತದೆ, ಕೀಲಿಮಣೆಯಲ್ಲೂ ಮೊದಲು ಒತ್ತಲಾಗುತ್ತದೆ, ಆದರೆ ಪುಟದ ಮೇಲೆ ‘ಯ’ದ ಬಳಿಕ ಕಾಣಿಸಿಕೊಳ್ಳುತ್ತದೆ. ಹೀಗೆ ಒತ್ತಿದ ಕ್ರಮವನ್ನು ಕಾಣಬೇಕಾದ ಕ್ರಮಕ್ಕೆ ತಿರುಗಿಸುವ ನಿಯಮಗಳನ್ನು ಫಾಂಟಿನೊಳಗೇ ಬರೆದಿಡಲು ಓಪನ್‌ಟೈಪ್ ಎಂಬ ಕಡತಮಾದರಿ ಅವಕಾಶ ಕೊಟ್ಟ ಮೇಲಷ್ಟೇ ಕನ್ನಡ ಪರದೆಯ ಮೇಲೆ ನೆಮ್ಮದಿಯಾಗಿ ಕೂತಿತು. ಪರದೆಯ ಅಡಚಣೆ ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರಾಥಮಿಕ ಶಾಲೆಯ ಮೇಷ್ಟರು ಹೊಟ್ಟೆ ಸೀಳು ಎಂದು ಕಲಿಸುವ ಸಣ್ಣ ಗೆರೆಯೊಂದೇ ‘ದ’ವನ್ನು ‘ಧ’ದಿಂದ, ‘ಡ’ವನ್ನು ‘ಢ’ದಿಂದ ಬೇರ್ಪಡಿಸುತ್ತದೆ, ಹತ್ತೆಂಟು ಚುಕ್ಕಿಗಳ ಎತ್ತರದಲ್ಲಿ ಅಕ್ಷರ ಮೂಡಿಸುವ ಹಳೆಯ ಪರದೆಗಳಲ್ಲಿ ಮೊದಲು ಅಳಿಸಿಹೋಗುತ್ತಿದ್ದುದು ಅದೇ ಗೆರೆ. ಅದನ್ನು ಉಳಿಸಿಕೊಳ್ಳಲು ಯಾವ ಚುಕ್ಕಿ ಹೊತ್ತಬೇಕು, ಯಾವುದು ಆರಬೇಕು ಎಂದು ಫಾಂಟಿಗೆ ಸೂಚನೆ ಕೊಡುವ ಕೆಲಸವನ್ನು ಹಿಂಟಿಂಗ್ ಎನ್ನುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ, ಹೆಸರು ತರದ ಕೆಲಸ ಅದು.

ಇಂಥ ಪ್ರಶ್ನೆಗಳು ಎದುರಾದಾಗ ಸ್ಟುಡಿಯೊ ವಿಮರ್ಶೆಯಷ್ಟೇ ಸಾಲದಾಯಿತು. ಸಾಲಿನ ಅಂತರ ಎಷ್ಟಿದ್ದರೆ ಓದು ಸುಗಮ, ಒತ್ತು ಎಷ್ಟು ಚಿಕ್ಕದಾದರೆ ಗುರುತು ತಪ್ಪುತ್ತದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಿ ಮುಗಿಸಲು ಬರುವುದಿಲ್ಲ, ಅಳೆದು ತೋರಿಸಬೇಕಾಗುತ್ತದೆ. ಅಳೆಯುವುದಕ್ಕೆ ಮುಂಚೆ ಅಕ್ಷರದ ಭಾಗಗಳಿಗೆ ಎಲ್ಲರೂ ಒಪ್ಪುವ ಹೆಸರುಗಳಿರಬೇಕಾಗುತ್ತದೆ. ರೋಮನ್ ಲಿಪಿಗೆ ಅಂಥ ಪರಿಭಾಷೆ ಶತಮಾನಗಳಿಂದ ಬೆಳೆದು ಬಂದಿದೆ. ದೇವನಾಗರಿಗೆ ಆ ಕೆಲಸವನ್ನು ವಿಸ್ತಾರವಾಗಿ ಮಾಡಿದವರು ಕಾಲೇಜಿನ ಹೊರಗಿದ್ದ ಬಾಪೂರಾವ್ ನಾಯಕ್; ಮುದ್ರಣದ ಅನುಭವದಿಂದ ಬರೆದ ಅವರ ‘ಟೈಪೋಗ್ರಫಿ ಆಫ್ ದೇವನಾಗರಿ’ 1971ರಲ್ಲಿ ಪ್ರಕಟವಾಯಿತು. ಅದೇ ಪ್ರಶ್ನೆಯನ್ನು ಐಡಿಸಿಯ ಗಿರೀಶ ದಳವಿ ತಮ್ಮ ಡಾಕ್ಟರೇಟ್ ಅಧ್ಯಯನದಲ್ಲಿ ಮತ್ತೆ ಎತ್ತಿಕೊಂಡು, ದೇವನಾಗರಿ ಅಕ್ಷರರೂಪಗಳನ್ನು ವಿವರಿಸುವುದಕ್ಕೂ ಒಂದನ್ನು ಇನ್ನೊಂದರೊಡನೆ ಹೋಲಿಸುವುದಕ್ಕೂ ಬೇಕಾದ ಪರಿಕಲ್ಪನಾ ಮಾದರಿಯೊಂದನ್ನು ಕಟ್ಟಲು ಯತ್ನಿಸಿದರು. ಅಲ್ಲೇ ಡಾಕ್ಟರೇಟ್ ಮಾಡಿದ ಡಿ. ಉದಯ ಕುಮಾರ್ ಅವರ ಅಧ್ಯಯನದ ವಸ್ತು ತಮಿಳು ಅಕ್ಷರವಿನ್ಯಾಸ.

ವಿನ್ಯಾಸ ಸಂಶೋಧನೆಯ ಇನ್ನೊಂದು ಕವಲು ವಿನ್ಯಾಸಕನ ತಲೆಯೊಳಗೇ ಇಣುಕಿ ನೋಡುವುದು. ಐಡಿಸಿಯ ಉದಯ ಆಠವಣಕರ್ ನುರಿತ ವಿನ್ಯಾಸಕಾರರ ಕಣ್ಣಿಗೆ ಪಟ್ಟಿ ಕಟ್ಟಿಸಿ, ಕಾಗದ ಪೆನ್ಸಿಲುಗಳಿಲ್ಲದೆ ವಿನ್ಯಾಸ ಮಾಡುವಂತೆ ಹೇಳಿ, ಅವರು ಮಾಡುತ್ತ ಆಡಿದ ಮಾತುಗಳನ್ನೂ ಕೈಗಳ ಚಲನೆಯನ್ನೂ ದಾಖಲಿಸಿ ವಿಶ್ಲೇಷಿಸಿದರು. ರೇಖಾಚಿತ್ರವಿಲ್ಲದೆ ವಿನ್ಯಾಸವೇ ಇಲ್ಲ ಎಂಬ ಸ್ಟುಡಿಯೊ ನಂಬಿಕೆಯನ್ನು ಸ್ಟುಡಿಯೊದವರೇ ಪರೀಕ್ಷೆಗೆ ಒಡ್ಡಿದ ಈ ಪ್ರಯೋಗದಲ್ಲಿ, ಪಳಗಿದವರು ಮನಸ್ಸಿನೊಳಗಿನ ಚಿತ್ರದ ಬಲದಿಂದಲೇ ಬಹುದೂರ ಸಾಗಬಲ್ಲರೆಂಬುದು ಕಂಡುಬಂತು. ಕಲಾಶಾಲೆಯಲ್ಲಿ ಇಂಥದೊಂದು ಪ್ರಯೋಗ ನಡೆಯುವುದನ್ನು ಊಹಿಸುವುದು ಕಷ್ಟ. ಪೊವಾಯಿಯ ನೆರೆಹೊರೆಯ ಗುಣ ಇದು.

ಸಾರ್ವಜನಿಕರ ಪಾಲಿಗೆ ಐಡಿಸಿಯ ಹೆಸರು ಗಟ್ಟಿಯಾದದ್ದು ರೂಪಾಯಿ ಚಿಹ್ನೆಯಿಂದ. ಭಾರತ ಸರ್ಕಾರ ಏರ್ಪಡಿಸಿದ ಸ್ಪರ್ಧೆಗೆ ಬಂದ ಮೂರು ಸಾವಿರಕ್ಕೂ ಮಿಕ್ಕಿದ ನಮೂನೆಗಳಲ್ಲಿ ಕೊನೆಯ ಸುತ್ತಿಗೆ ಐದು ಉಳಿದು, ಅವುಗಳಿಂದ ಉದಯ ಕುಮಾರ್ ಅವರದನ್ನು ಕೇಂದ್ರ ಸಚಿವ ಸಂಪುಟ 2010ರ ಜುಲೈ 15ರಂದು ಒಪ್ಪಿಕೊಂಡಿತು. ಅದೇ ವರ್ಷ ಅದಕ್ಕೆ ಯುನಿಕೋಡಿನಲ್ಲೂ ಸ್ಥಾನ ದೊರೆಯಿತು. ದೇವನಾಗರಿಯ ‘ರ’ ಮತ್ತು ನೇರಗೆರೆ ಕಳಚಿದ ರೋಮನ್ ‘ಆರ್’ ಎರಡೂ ಒಂದೇ ಬಾಗಿನಲ್ಲಿ ಕೂಡುವ, ಮೇಲಿನ ಗೆರೆಯನ್ನು ದೇವನಾಗರಿ ಅಕ್ಷರಗಳ ತಲೆಯ ಮೇಲಿನ ಶಿರೋರೇಖೆಯೆಂದೂ ಓದಿಕೊಳ್ಳಬಹುದಾದ ಈ ಚಿಹ್ನೆ ಚೊಕ್ಕವಾದದ್ದೇ. ಆದರೆ ಅದಕ್ಕೆ ಸಂದ ಪ್ರಚಾರದಲ್ಲಿ, ಅಕ್ಷರದ ಬಗ್ಗೆ ಹಲವು ವರ್ಷ ನಡೆಸಿದ ವ್ಯಾಸಂಗವೊಂದರ ಪಕ್ಕದಲ್ಲಿ ಹುಟ್ಟಿದ ಚಿಕ್ಕ ಫಲ ಅದೆಂಬ ಸಂಗತಿ ಮರೆಯಾಯಿತು. ಗ್ರಾಫಿಕ್ ಡಿಸೈನ್ ಎಂದರೆ ಲಾಂಛನ ಬರೆಯುವುದು ಎಂಬ ಜನಾಭಿಪ್ರಾಯವೂ ಇನ್ನಷ್ಟು ಬಲವಾಯಿತು. ಕನ್ನಡದ ಓದುಗನಿಗಂತೂ ಅದರಲ್ಲಿ ತನ್ನ ಲಿಪಿಯ ಸುಳಿವಿಲ್ಲ, ಮಾರುಕಟ್ಟೆಯ ಬೆಲೆ ಚೀಟಿಗಳಲ್ಲಿ ‘ರೂ.’ ಇನ್ನೂ ಅಳಿದಿಲ್ಲ.

ಪೊವಾಯಿಯಿಂದ ಈ ವಿದ್ಯೆ ಹಬ್ಬಿದ ಬಗೆಯನ್ನು ಬೇಗ ಹೇಳಿ ಮುಗಿಸಬಹುದು. 1990ರ ದಶಕದ ಕೊನೆಗೆ ಗುವಾಹಾಟಿ ಐಐಟಿಯಲ್ಲಿ ವಿನ್ಯಾಸ ವಿಭಾಗ ಆರಂಭವಾದಾಗ ಅದನ್ನು ನೆಲೆಗೊಳಿಸುವಲ್ಲಿ ನಾಡಕರ್ಣಿ ಅವರೇ ಮುಂದಾದರು. ರೂಪಾಯಿ ಚಿಹ್ನೆಯ ಉದಯ ಕುಮಾರ್ ಅಧ್ಯಾಪಕರಾಗಿ ಸೇರಿದ್ದೂ ಅಲ್ಲಿಗೇ. ದೇಶದ ಹಲವು ವಿನ್ಯಾಸ ಕಾಲೇಜುಗಳ ಸ್ನಾತಕೋತ್ತರ ಪ್ರವೇಶಕ್ಕೆ ದಾರಿಯಾದ ಸೀಡ್ ಪರೀಕ್ಷೆಯನ್ನು ನಡೆಸುವುದು ಐಡಿಸಿ. 2015ರಿಂದ ಅಲ್ಲಿ ಪದವಿ ತರಗತಿಗಳೂ ಇವೆ. ಜೋಶಿ ತೀರಿಕೊಂಡ 2008ರಲ್ಲೇ ಐಡಿಸಿಯಲ್ಲಿ ಆರಂಭವಾದ ‘ಟೈಪೋಗ್ರಫಿ ಡೇ’ ಎಂಬ ವಾರ್ಷಿಕ ಸಮ್ಮೇಳನ ಊರೂರು ತಿರುಗುತ್ತ 2016ರಲ್ಲಿ ಬೆಂಗಳೂರಿನ ಸೃಷ್ಟಿ ಸಂಸ್ಥೆಗೂ ಬಂತು. ಅದಕ್ಕೆ ಹತ್ತು ವರ್ಷ ಮುಂಚೆಯೇ, 2006ರಲ್ಲಿ, ಎನ್‌ಐಡಿ ತನ್ನ ಸಂಶೋಧನಾ ಆವರಣವನ್ನು ಬೆಂಗಳೂರಿನ ತುಮಕೂರು ರಸ್ತೆಯ ಬಳಿ ತೆರೆದಿತ್ತು.

ಕನ್ನಡದ ಪಾಲಿಗೆ ಈ ಚರಿತ್ರೆ ಅರ್ಧ ತೃಪ್ತಿಯದು. ಕೀಲಿಮಣೆಯ ವಿನ್ಯಾಸ, ಅಕ್ಷರಗಳ ಗಣಕೀಕರಣಗಳಂಥ ಮೂಲಭೂತ ಕೆಲಸ ಕನ್ನಡದಲ್ಲಿ ಮುಖ್ಯವಾಗಿ ನಡೆದದ್ದು ಕೆ.ಪಿ. ರಾವ್ ಅವರಂಥ ತಂತ್ರಜ್ಞರ ಸ್ವಂತ ಆಸಕ್ತಿಯಿಂದ; ಅವರ ಧ್ವನ್ಯಾತ್ಮಕ ಕೀಲಿಮಣೆಯನ್ನು ಕರ್ನಾಟಕ ಸರ್ಕಾರವೇ ಪ್ರಮಾಣವೆಂದು ಅಂಗೀಕರಿಸಿತು. ಫಾಂಟುಗಳ ಮಟ್ಟಿಗೆ ಮುಂಬಯಿಯ ನಂಟು ಮುಂದುವರಿದಿದೆ. ಜೆ.ಜೆ. ಮತ್ತು ಐಡಿಸಿಗಳ ಹಿನ್ನೆಲೆಯವರು ಸೇರಿ ಕಟ್ಟಿದ ‘ಏಕ್ ಟೈಪ್’ ಎಂಬ ತಂಡ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಬಹುಲಿಪಿ ಫಾಂಟುಗಳನ್ನು ಹೊರತಂದಾಗ ಕನ್ನಡವೂ ಅದರಲ್ಲಿ ಸೇರಿತು. ಗುಂಡುಗುಂಡಾದ ‘ಬಾಲೂ’ ಫಾಂಟಿನ ಕನ್ನಡ ರೂಪಕ್ಕೆ ಅವರು ಇಟ್ಟ ಹೆಸರು ‘ಬಾಲೂ ತಮ್ಮ’. ಹಲವು ಲಿಪಿಗಳಿಗೆ ಒಂದೇ ಗುಣ ತರಬೇಕೆಂಬ ಇಂಥ ಯೋಜನೆಗಳಲ್ಲಿ ದೇವನಾಗರಿಯ ದಪ್ಪ ಗೆರೆ ಕನ್ನಡಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ, ತಲೆಕಟ್ಟಿನ ಕೊಕ್ಕೆ ಶಿರೋರೇಖೆಯ ಎತ್ತರಕ್ಕೆ ಸಮನಾಗಬೇಕೇ, ಒತ್ತಕ್ಷರವನ್ನು ಎಷ್ಟು ಕುಗ್ಗಿಸಬಹುದು ಎಂಬ ಪ್ರಶ್ನೆಗಳು ಪ್ರತಿಸಲವೂ ಏಳುತ್ತವೆ. ಅವುಗಳಿಗೆ ವಿನ್ಯಾಸಕರು ತಮ್ಮ ಕಣ್ಣಿನ ತೀರ್ಮಾನದಿಂದ ಉತ್ತರ ಕೊಟ್ಟುಕೊಳ್ಳುತ್ತಿದ್ದಾರೆ. ದೇವನಾಗರಿಗೂ ತಮಿಳಿಗೂ ಪೊವಾಯಿಯಲ್ಲಿ ನಡೆದ ಬಗೆಯ ವ್ಯಾಸಂಗವನ್ನು ಕನ್ನಡದ ಅಕ್ಷರಗಳ ಮೇಲೆ ನಡೆಸಲು ಬೇಕಾದ ವಿನ್ಯಾಸ ಕಾಲೇಜುಗಳೂ ಕನ್ನಡ ಅಧ್ಯಯನ ವಿಭಾಗಗಳೂ ಕರ್ನಾಟಕದಲ್ಲಿವೆ. ಒಬ್ಬ ವಿದ್ಯಾರ್ಥಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ಮಾರ್ಗದರ್ಶಕರನ್ನು ಕೊಡುವ ಏರ್ಪಾಡು ಮಾಡಿಕೊಂಡರೆ ಮೊದಲ ಪ್ರಬಂಧಕ್ಕೆ ಒತ್ತಕ್ಷರದ ಗಾತ್ರವೊಂದೇ ಸಾಕಷ್ಟು ವಸ್ತು ಒದಗಿಸುತ್ತದೆ.